ಕಾವ್ಯದಲ್ಲಿ ನುಡಿಯುವವರು ಯಾರು?

ಪದ್ಯಪಾಠ ಮುಗಿದೊಡನೆ ವಿದ್ಯಾರ್ಥಿಗಳ ಮುಂದೆ ಬಂದು ನಿಲ್ಲುವ ಪ್ರಶ್ನೆ ‘ಈ ಪದ್ಯದ ಆಶಯವೇನು?’ ಎಂಬುದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಸತ್ಯದ ಮಹಿಮೆ, ಮಾತೃಪ್ರೇಮ, ದೇಶಭಕ್ತಿ. ಆ ಒಂದು ಪದ ದೊರೆತ ಮೇಲೆ ಪದ್ಯವನ್ನು ಮತ್ತೊಮ್ಮೆ ಓದುವ ಅಗತ್ಯವೇ ಯಾರಿಗೂ ಕಾಣದು. ಆಶಯಕ್ಕೂ ಮೊದಲು ಕೇಳಬೇಕಾದುದು ಬೇರೆಯೇ ಇದೆ: ಇಲ್ಲಿ ನುಡಿಯುತ್ತಿರುವವರು ಯಾರು, ಯಾರೊಡನೆ?

ಇದು ಪಶ್ಚಿಮದಿಂದ ಬಂದ ಹೊಸ ವಿಚಾರವೇನೂ ಅಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಕವಿಯ ಉಕ್ತಿಯನ್ನೂ ಕವಿಕಲ್ಪಿತ ವಕ್ತೃವಿನ ಉಕ್ತಿಯನ್ನೂ ಬೇರ್ಪಡಿಸಿದ್ದಾನೆ. ವ್ಯಂಗ್ಯಾರ್ಥವನ್ನು ಹೊಳೆಯಿಸುವ ಅಂಶಗಳನ್ನು ಎಣಿಸುವಾಗ ಮಮ್ಮಟನ ‘ಕಾವ್ಯಪ್ರಕಾಶ’ವು ವಕ್ತೃವನ್ನು ಮೊದಲಿಗೂ, ಕೇಳುವ ಬೋದ್ಧವ್ಯನನ್ನು ಅನಂತರವೂ ಇರಿಸುತ್ತದೆ. ಸೂರ್ಯಾಸ್ತವಾಯಿತೆಂಬ ಒಂದೇ ವಾಕ್ಯವು ದನಗಾಹಿಗಳ ನಡುವೆ ದನ ಕೂಡುವ ಸೂಚನೆ, ದುಡಿಯುವವರ ನಡುವೆ ಕೆಲಸ ನಿಲ್ಲಿಸುವ ಸೂಚನೆ. ಪದಗಳು ಅವೇ, ಬಾಯಿ ಬೇರೆ, ಕಿವಿ ಬೇರೆ.

ಮಗುವಿನ ಮರಣದ ಹಿನ್ನೆಲೆಯಲ್ಲಿ ಬೇಂದ್ರೆಯವರು ರಚಿಸಿದ ಪ್ರಸಿದ್ಧ ಕವಿತೆಯನ್ನು ಕನ್ನಡಿಗರೆಲ್ಲ ಬಲ್ಲರು. ಅದರ ಆಶಯ ‘ಪುತ್ರಶೋಕ’ ಎಂದು ಬರೆದರೆ ತಪ್ಪೆನ್ನಲಾಗದು. ಆದರೆ ಕವಿತೆ ಕೈಜಾರಿ ಹೋಗುತ್ತದೆ. ಅಲ್ಲಿ ಮಾತನಾಡುವವನು ಗಂಡ, ಕೇಳುವವಳು ಹೆಂಡತಿ. ಅವಳು ಒಂದು ಮಾತನ್ನೂ ಆಡುವುದಿಲ್ಲ, ಬರಿದೆ ನೋಡುತ್ತಾಳೆ. ಆ ನೋಟವನ್ನು ತಾಳಲಾರದೆ ಅವನು ನುಡಿಯತೊಡಗುತ್ತಾನೆ. ನಗೆಯಲ್ಲಿ ದುಃಖವನ್ನು ಮರೆಸುವುದೇಕೆ, ಅತ್ತುಬಿಡು ಎಂದು ಬೇಡುತ್ತಾನೆ. ತಾನೇ ಕುಸಿದಿರುವವನು ಸಂತೈಸಲು ಹೊರಟಿದ್ದಾನೆ. ಧಾರವಾಡದ ಮನೆಮಾತಿನಲ್ಲಿ ಆ ಕವಿತೆ ಇರುವುದೂ ಇದಕ್ಕಾಗಿಯೇ ಇರಬೇಕು: ಮನೆಯೊಳಗೆ ಇಬ್ಬರ ನಡುವೆ ಆಡುವ ಮಾತು ಗ್ರಾಂಥಿಕವಾಗಿ ಬಾರದು. ಹೀಗೆ ಓದಿದಾಗ ಆಶಯವು ಶೋಕ ಮಾತ್ರವಲ್ಲ, ಒಂದೇ ಶೋಕವನ್ನು ಹೊತ್ತ ಇಬ್ಬರು ಪರಸ್ಪರ ಮುಖ ನೋಡಲಾರದ ಸಂಕಟ.

ಬೇಂದ್ರೆಯವರ ಬಾಳಿನಲ್ಲಿ ಮಕ್ಕಳ ಸಾವು ಒಮ್ಮೆಯಲ್ಲ, ಹಲವು ಬಾರಿ ಸಂಭವಿಸಿದ್ದು ನಿಜ. ಆದರೂ ಆ ಗಂಡನನ್ನು ನೇರವಾಗಿ ಬೇಂದ್ರೆಯವರೆಂದು ಗುರುತಿಸಿ ಸುಮ್ಮನಾಗುವುದು ಅವಸರದ ಓದು. ಕವಿತೆ ಬರೆಯುವವನಿಗೆ ಅವರೇ ‘ಅಂಬಿಕಾತನಯದತ್ತ’ ಎಂದು ಬೇರೆ ಹೆಸರಿಟ್ಟಿದ್ದರು. ಜೀವನಚರಿತ್ರೆ ಕವಿತೆಯ ಬಾಗಿಲವರೆಗೆ ನಮ್ಮನ್ನು ಕರೆತರಬಹುದು. ಒಳಗೆ ಕೇಳುವ ದನಿಯನ್ನು ಕಿವಿಯಿಂದಲೇ ಹಿಡಿಯಬೇಕು.

ಪ್ರಾಥಮಿಕ ತರಗತಿಗಳಲ್ಲಿಯೂ ಇದು ಅಸಾಧ್ಯವಲ್ಲ. ‘ಗೋವಿನ ಹಾಡು’ ಎಂದೊಡನೆ ‘ಸತ್ಯವೇ ಆಶಯ’ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ಪುಣ್ಯಕೋಟಿಯಾದರೋ ಹುಲಿಯೊಡನೆ ಒಂದು ಬಗೆಯಲ್ಲಿ, ಕರುವಿನೊಡನೆ ಇನ್ನೊಂದು ಬಗೆಯಲ್ಲಿ, ಕರುವನ್ನು ಒಪ್ಪಿಸುವಾಗ ಉಳಿದ ಹಸುಗಳೊಡನೆ ಮತ್ತೊಂದು ಬಗೆಯಲ್ಲಿ ಮಾತನಾಡುತ್ತಾಳೆ. ಈ ಮೂರನ್ನೂ ಮೂವರು ಮಕ್ಕಳಿಂದ ಓದಿಸಿದರೆ ವ್ಯತ್ಯಾಸ ತಾನಾಗಿಯೇ ಕೇಳಿಸುತ್ತದೆ. ಹುಲಿಯ ಪಾಲನ್ನು ಮಾತ್ರ ಜಾಣ ಹುಡುಗನೊಬ್ಬನಿಗೆ ವಹಿಸಬೇಕು. ಹಸಿವಿನಿಂದ ಗರ್ಜಿಸಿದ ಆ ಬಾಯಿಯೇ ಕಡೆಯಲ್ಲಿ ಹಸುವನ್ನು ಅಕ್ಕನೆಂದು ಭಾವಿಸಿ ನುಡಿಯುತ್ತದೆ. ಕೊಟ್ಟ ಭಾಷೆ ಹುಲಿಯದಲ್ಲ, ಪ್ರಾಣ ಬಿಟ್ಟದ್ದು ಹುಲಿ. ಏಕೆಂದು ಮಕ್ಕಳು ಕೇಳಿದರೆ, ಅದರ ಮೊದಲ ಮಾತನ್ನೂ ಕಡೆಯ ಮಾತನ್ನೂ ಅವರಿಂದಲೇ ಮತ್ತೊಮ್ಮೆ ಓದಿಸುವುದು ಲೇಸು.