ಕೃತಕ ಬುದ್ಧಿಮತ್ತೆ: ನಮ್ಮ ಹೊಣೆ, ಸರ್ಕಾರದ ಹೊಣೆ

ಸಿಂಧನೂರಿನ ರೈಸ್ ಮಿಲ್‌ಗಳಲ್ಲಿ ದುಡಿಯುವವರಿಗೆ ಸಾರ್ಟೆಕ್ಸ್ ಯಂತ್ರ ಹೊಸದಲ್ಲ. ಮೇಲಿನಿಂದ ಸುರಿಯುವ ಅಕ್ಕಿಯ ಕಾಳುಗಳನ್ನು ಅದರ ಕ್ಯಾಮೆರಾ ನೋಡುತ್ತದೆ. ಬಣ್ಣಗೆಟ್ಟ ಕಾಳು ಕಂಡರೆ ಗಾಳಿಯ ಹೊಡೆತದಿಂದ ಅದನ್ನು ಹೊರಗೆ ತಳ್ಳುತ್ತದೆ. ಆ ವೇಗದಲ್ಲಿ ಒಳ್ಳೆಯ ಕಾಳುಗಳೂ ಕೆಲವು ಹೊರಗೆ ಬೀಳುತ್ತವೆ. ಮಿಲ್‌ನವರಿಗೆ ಇದು ಗೊತ್ತು. ಆದ್ದರಿಂದ ಹೊರಬಿದ್ದ ರಾಶಿಯನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕಿ ಒಳ್ಳೆಯದನ್ನು ವಾಪಸು ತೆಗೆದುಕೊಳ್ಳುತ್ತಾರೆ.

ಈಗ ಸರ್ಕಾರಿ ಕಚೇರಿಗಳಲ್ಲಿಯೂ ಆರಿಸುವ ಕೆಲಸ ಯಂತ್ರದ ಕೈಗೆ ಬರುತ್ತಿದೆ. ಯಾರಿಗೆ ಪಡಿತರ, ಯಾರಿಗೆ ಪಿಂಚಣಿ, ಯಾರು ಅನರ್ಹರು ಎಂದು ಕಂಪ್ಯೂಟರ್ ಸೂಚಿಸುತ್ತದೆ. ತಪ್ಪಾಗಿ ಹೊರಬಿದ್ದವರನ್ನು ಮತ್ತೊಮ್ಮೆ ನೋಡುವವರು ಯಾರು? ಕೃತಕ ಬುದ್ಧಿಮತ್ತೆಯ ಬಗ್ಗೆ ನಮ್ಮ ಮನೆಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಯಂತ್ರ ಹೇಗೆ ಯೋಚಿಸುತ್ತದೆ?

ಕೃತಕ ಬುದ್ಧಿಮತ್ತೆ, ಅಂದರೆ ಎಐ, ಲಕ್ಷಾಂತರ ಹಳೆಯ ಉದಾಹರಣೆಗಳನ್ನು ನೋಡಿ ಹೋಲಿಕೆ ಕಲಿಯುತ್ತದೆ. ಹೊಸದೊಂದು ಎದುರಾದಾಗ ಇದು ಯಾವುದನ್ನು ಹೋಲುತ್ತದೆ ಎಂದು ಲೆಕ್ಕ ಹಾಕಿ ಅಂದಾಜು ಹೇಳುತ್ತದೆ. ಮೊಬೈಲಿನಲ್ಲಿ ನಾವು ಪ್ರಶ್ನೆ ಕೇಳುವ ಚಾಟ್ ಆ್ಯಪ್‌ಗಳದ್ದೂ ಇದೇ ರೀತಿ. ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂದು ಅಂದಾಜಿಸುತ್ತಾ ಉತ್ತರ ಕಟ್ಟುತ್ತವೆ. ಬಹಳ ಸಲ ಉತ್ತರ ಸರಿ ಇರುತ್ತದೆ. ತಪ್ಪಿದಾಗಲೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಅಂದಾಜು ಸಾಕ್ಷ್ಯವಲ್ಲ. ಈ ವ್ಯತ್ಯಾಸವನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಪಕ್ಕದ ರಾಜ್ಯದಲ್ಲೇ ಉದಾಹರಣೆ ಇದೆ.

ತೆಲಂಗಾಣದಲ್ಲಿ ನಡೆದದ್ದು

1956ರವರೆಗೆ ನಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ಹೆಸರುಗಳೂ ಇಲ್ಲಿನ ಹೆಸರುಗಳೂ ಒಂದೇ ಬಗೆಯವು. ಆ ತೆಲಂಗಾಣ ಸರ್ಕಾರ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆಯನ್ನು ತಂದಿತು. ವಾಹನ, ಆಸ್ತಿ, ವಿದ್ಯುತ್ ಮುಂತಾದ ಬೇರೆ ಬೇರೆ ಇಲಾಖೆಗಳ ದಾಖಲೆಗಳಲ್ಲಿರುವ ಹೆಸರು, ವಿಳಾಸಗಳನ್ನು ಹೋಲಿಸಿ ಇವರೆಲ್ಲ ಒಬ್ಬನೇ ವ್ಯಕ್ತಿ ಎಂದು ಗುರುತಿಸುವುದು ಅದರ ಕೆಲಸ. ಕಾರು ಇದ್ದವರು ಬಿಪಿಎಲ್ ಚೀಟಿ ಪಡೆಯಬಾರದು ಎಂಬ ಉದ್ದೇಶವೇನೋ ಸರಿ. ಆದರೆ ಒಂದೇ ಬಗೆಯ ಹೆಸರಿನ ಇಬ್ಬರನ್ನು ಯಂತ್ರ ಒಬ್ಬನೆಂದು ತಿಳಿಯಿತು. ಯಾರದೋ ಕಾರು ಬಡವನ ಹೆಸರಿಗೆ ಬಿತ್ತು, ಅವನ ಮನೆಯ ಅಕ್ಕಿ ನಿಂತಿತು.

ಆ ವರ್ಷಗಳಲ್ಲಿ ಅಲ್ಲಿ ಸುಮಾರು 19 ಲಕ್ಷ ಪಡಿತರ ಚೀಟಿಗಳು ರದ್ದಾದವು. ಮುಂಚಿತವಾಗಿ ನೋಟಿಸ್ ಇರಲಿಲ್ಲ. ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ರದ್ದಾದ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು ಆದೇಶಿಸಿತು. ಆ ವರ್ಷ ನೋಡಿ ಮುಗಿಸಿದ ಸುಮಾರು 2 ಲಕ್ಷ ಅರ್ಜಿಗಳಲ್ಲಿ 15 ಸಾವಿರಕ್ಕೂ ಹೆಚ್ಚು ಕುಟುಂಬಗಳು ಅರ್ಹವೆಂದು ಕಂಡುಬಂದವು. ಅವರೆಲ್ಲ ಅಷ್ಟು ವರ್ಷ ಅಂಗಡಿಯಿಂದ ಬರಿಗೈಯಲ್ಲಿ ಮರಳಿದವರು.

ನಮ್ಮ ಹೆಸರುಗಳ ತೊಡಕು

ಇದು ಅಲ್ಲಿನ ಮಾತು ಎಂದು ಸುಮ್ಮನಿರುವಂತಿಲ್ಲ. ಕರ್ನಾಟಕದಲ್ಲಿ ‘ಕುಟುಂಬ’ ಎಂಬ ವ್ಯವಸ್ಥೆ ಮನೆಮಂದಿಯ ವಿವರಗಳನ್ನು ಒಂದೆಡೆ ಸೇರಿಸಿದೆ. ರೈತರಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಎಫ್‌ಐಡಿ ಸಂಖ್ಯೆ ಇದೆ. 2024ರ ನವೆಂಬರಿನಲ್ಲಿ ಬಿಪಿಎಲ್ ಚೀಟಿಗಳ ರದ್ದತಿ ನಮ್ಮ ರಾಜ್ಯದಲ್ಲಿಯೂ ವಿವಾದವಾಗಿ, ಅರ್ಹರಿಗೆ ಚೀಟಿ ಮರಳಿ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು.

ನಮ್ಮ ಮನೆಗಳ ಕಾಗದಪತ್ರ ತೆಗೆದು ನೋಡಿ. ಒಬ್ಬರೇ ಹಿರಿಯರು ಆಧಾರ್‌ನಲ್ಲಿ ‘ಮೊಹಮ್ಮದ್ ಹುಸೇನ್’, ಪಡಿತರ ಚೀಟಿಯಲ್ಲಿ ‘ಮಹಮ್ಮದಹುಸೇನ’, ಪಹಣಿಯಲ್ಲಿ ‘ಹುಸೇನಸಾಬ ತಂದೆ ರಾಜಾಸಾಬ’, ಮಗನ ಟಿ.ಸಿ.ಯಲ್ಲಿ ‘ಎಂ.ಡಿ. ಹುಸೇನ್’. ಅಮ್ಮನ ಹೆಸರಿನ ಕೊನೆಗೆ ಒಂದು ಕಡೆ ‘ಬಿ’, ಇನ್ನೊಂದು ಕಡೆ ‘ಬೇಗಂ’. ಯಂತ್ರಕ್ಕೆ ಒಬ್ಬರೇ ನಾಲ್ವರಾಗಿ ಕಾಣಬಹುದು. ಬೇರೆ ಓಣಿಯ ಹುಸೇನ್ ಸಾಹೇಬರ ಟ್ರ್ಯಾಕ್ಟರ್ ನಮ್ಮವರ ಹೆಸರಿಗೆ ಸೇರಬಹುದು. ಊರ ತುಂಬ ಬಸವರಾಜ, ಹನುಮಂತ ಎಂಬ ಹೆಸರುಗಳಿರುವ ನಮ್ಮ ನೆರೆಹೊರೆಯವರಿಗೂ ಇದೇ ಕಷ್ಟ.

ಸರ್ಕಾರದ ಹೊಣೆ

ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಪತ್ತೆಹಚ್ಚಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೂ ಅದರಲ್ಲಿ ಸಿಕ್ಕಿದ್ದರಿಂದ, ಬೇರೆ ಶಾಸನಗಳ ದೇವಾನಾಂಪ್ರಿಯ ಯಾರೆಂಬುದು ದೃಢವಾಯಿತು. ಒಬ್ಬ ಚಕ್ರವರ್ತಿಯ ಗುರುತು ಹಿಡಿಯಲು ವಿದ್ವಾಂಸರು ಇಂಥ ಪುರಾವೆಗಾಗಿ ಕಾದರು. ಬಡವರ ಗುರುತನ್ನು ಪುರಾವೆಯಿಲ್ಲದೆ ತೀರ್ಮಾನಿಸಬಾರದು. ಆ ಶಾಸನದಿಂದ ಇನ್ನೊಂದು ಮಾತೂ ತಿಳಿಯುತ್ತದೆ: ಆಳುವವನು ಜನರಿಗೆ ಹೇಳಬೇಕಾದದ್ದನ್ನು ಬಯಲಿನ ಬಂಡೆಯ ಮೇಲೆ ಬರೆಸಿದ್ದ. ಯಂತ್ರ ಯಾವ ನಿಯಮದಿಂದ ಆರಿಸುತ್ತದೆ ಎಂಬುದೂ ಹಾಗೆಯೇ ಎಲ್ಲರಿಗೂ ತಿಳಿದಿರಬೇಕು.

ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು. ಸೌಲಭ್ಯ ನಿಲ್ಲಿಸುವ ಮೊದಲು ಕನ್ನಡದಲ್ಲಿ ನೋಟಿಸ್ ಬರಲಿ. ಕಾರಣವನ್ನು ಬರೆದು ಕೊಡಲಿ. ಒಬ್ಬ ಅಧಿಕಾರಿ ನಮ್ಮ ಮಾತು ಕೇಳಿ ನಿರ್ಧರಿಸಲಿ. ನಿರ್ಧಾರ ಆಗುವವರೆಗೆ ಅಕ್ಕಿ ನಿಲ್ಲದಿರಲಿ.

ಇದಕ್ಕೆ ಕಾನೂನಿನ ಬಲ ಈಗಾಗಲೇ ಇದೆ. ಸರ್ಕಾರಿ ಕಚೇರಿ ತನ್ನ ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆ ಹೇಳುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಪಡಿತರದ ದೂರು ಕೇಳಲು ಜಿಲ್ಲಾ ಮಟ್ಟದ ಅಧಿಕಾರಿ ಮತ್ತು ರಾಜ್ಯ ಆಹಾರ ಆಯೋಗದ ವ್ಯವಸ್ಥೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕನ್ನು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿದ್ದು, ಹಂತ ಹಂತವಾಗಿ ಜಾರಿಯಾಗಲಿವೆ.

ನಮ್ಮ ಹೊಣೆ

ನಿಮ್ಮಲ್ಲಿ ಪ್ರತಿಯೊಬ್ಬರೂ ಕುರುಬನಂತೆ, ತನ್ನ ವಶದಲ್ಲಿರುವವರ ಬಗ್ಗೆ ಪ್ರತಿಯೊಬ್ಬರನ್ನೂ ಪ್ರಶ್ನಿಸಲಾಗುವುದು ಎಂಬ ಅರ್ಥದ ಹದೀಸನ್ನು ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅದರಲ್ಲಿ ಆಳುವವನ ಹೊಣೆಯ ಜೊತೆಗೆ ಮನೆಯ ಯಜಮಾನನ ಹೊಣೆಯೂ, ಮನೆಯೊಡತಿಯ ಹೊಣೆಯೂ ಬರುತ್ತದೆ. ಸರ್ಕಾರವನ್ನು ಪ್ರಶ್ನಿಸುವ ನಾವು ನಮ್ಮ ಪಾಲಿನ ಕೆಲಸ ಬಿಡುವಂತಿಲ್ಲ.

ಮೊದಲ ಕೆಲಸ, ಹೆಸರು ಸರಿಪಡಿಸುವುದು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ, ಶಾಲೆಯ ದಾಖಲೆ ಇವನ್ನು ಒಂದೇ ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವನ್ನು ಚೀಟಿ ರದ್ದಾದ ಮೇಲಲ್ಲ, ಈಗಲೇ ತಿದ್ದಿಸಿ. ಹುಟ್ಟುವ ಮಗುವಿಗಂತೂ ಜನನ ಪ್ರಮಾಣಪತ್ರದಲ್ಲಿ ಬರೆಸಿದ ಹೆಸರೇ ಮುಂದೆಲ್ಲ ಇರಲಿ.

ಎರಡನೆಯದು, ಎಐ ಬಳಸಲು ಕಲಿಯುವುದು. ಕನ್ನಡದಲ್ಲಿ ಮಾತನಾಡಿದರೆ ಫೋನ್ ಅರ್ಜಿ ಬರೆದು ಕೊಡುತ್ತದೆ, ಇಂಗ್ಲಿಷ್ ನೋಟಿಸಿನ ಅರ್ಥ ಹೇಳುತ್ತದೆ. ಪಿಎಂ ಕಿಸಾನ್ ಹಣದ ವಿಚಾರ ಕೇಳಲು 2023ರಿಂದ ‘ಕಿಸಾನ್ ಇ-ಮಿತ್ರ’ ಇದೆ, ಅದು ಕನ್ನಡದಲ್ಲೂ ಉತ್ತರಿಸುತ್ತದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಎಐ ಸಿದ್ಧಪಡಿಸಿದ ಮಳೆ ಮುನ್ಸೂಚನೆಯನ್ನು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಕಳಿಸಿತು. ಮಸ್ಕಿ, ಲಿಂಗಸುಗೂರಿನ ಖುಷ್ಕಿ ಜಮೀನಿನಲ್ಲಿ ಸಜ್ಜೆ, ತೊಗರಿ ಬಿತ್ತುವವರಿಗೆ ಮಳೆ ಯಾವಾಗ ಎಂಬುದೇ ದೊಡ್ಡ ಪ್ರಶ್ನೆಯಲ್ಲವೇ? ಮಕ್ಕಳೂ ಗಣಿತದ ಲೆಕ್ಕ ಅರ್ಥವಾಗದಿದ್ದರೆ ಎಐ ಕೇಳಲಿ, ಆಮೇಲೆ ಅದೇ ಲೆಕ್ಕವನ್ನು ತಾವೇ ಮಾಡಲಿ. ಆಧಾರ್ ಚಿತ್ರ, ಒಟಿಪಿ, ಹೆಣ್ಣುಮಕ್ಕಳ ಫೋಟೊಗಳನ್ನು ಮಾತ್ರ ಯಾವ ಆ್ಯಪ್‌ಗೂ ಒಪ್ಪಿಸಬಾರದು.

ಮೂರನೆಯದು, ಬಂದ ಸುದ್ದಿಯನ್ನು ಪರಿಶೀಲಿಸುವುದು. ಸೂರಃ ಹುಜುರಾತ್‌ನ 6ನೇ ಆಯತ್ ಇದನ್ನೇ ಆಜ್ಞಾಪಿಸುತ್ತದೆ. ಮಗನ ದನಿಯನ್ನೇ ಅನುಕರಿಸಿ ‘ಆಸ್ಪತ್ರೆಯಲ್ಲಿದ್ದೇನೆ, ಹಣ ಕಳಿಸಿ’ ಎನ್ನುವ ಕರೆ ಇಂದು ಸಾಧ್ಯ. ಕರೆ ಕತ್ತರಿಸಿ, ಮಗನ ನಂಬರಿಗೆ ನೀವೇ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಮಸೀದಿಯಿಂದ ಆರಂಭವಾಗಲಿ

ಓದು ಬಾರದ ಅಜ್ಜಿ, ಬೆಂಗಳೂರಿಗೆ ದುಡಿಯಲು ಹೋದವರ ಮನೆ, ಒಬ್ಬಂಟಿ ವಿಧವೆ ಇವರಿಂದ ಈ ಕೆಲಸ ಒಂಟಿಯಾಗಿ ಆಗದು. ಪ್ರತಿ ಮಸೀದಿ ಕಮಿಟಿ ತಿಂಗಳಲ್ಲಿ ಒಂದು ಜುಮಾ ದಿನ, ನಮಾಜಿನ ನಂತರ, ಓದಿದ ಇಬ್ಬರು ಯುವಕರನ್ನು ಒಂದು ಮೇಜಿನ ಮುಂದೆ ಕೂರಿಸಲಿ. ಹೆಣ್ಣುಮಕ್ಕಳಿಗಾಗಿ ಮದ್ರಸಾದಲ್ಲಿ ಕಾಲೇಜು ಓದುವ ಇಬ್ಬರು ಹುಡುಗಿಯರು ಕೂರಲಿ. ಓಣಿಯ ಯಾರೇ ಬಂದರೂ, ಯಾವ ಧರ್ಮದವರಾದರೂ, ಕಾಗದ ನೋಡಿ ತಪ್ಪು ಗುರುತಿಸಿ ಅರ್ಜಿ ಬರೆದು ಕೊಡಲಿ. ಬರುವ ಜುಮಾಕ್ಕೆ ಹೋಗುವಾಗ ನಿಮ್ಮ ಪಡಿತರ ಚೀಟಿ ಮತ್ತು ಆಧಾರ್ ಜೇಬಿನಲ್ಲಿರಲಿ.