ಬೆಂಕಿ ಹೊರಗಿರಲಿ, ಬಿಸಿನೀರು ಒಳಗೆ ಬರಲಿ

ಸುಬ್‌ಹಿ ವುಳೂವಿಗೆ ಬಿಸಿನೀರು ಬೇಕು ಅಂತ ಕರಾವಳಿಯ ನಮಗೆ ಅನ್ನಿಸುವುದೇ ಕಡಿಮೆ. ಹೌಳಿನ ನೀರಿಗೆ ಕೈ ಹಾಕಿದರೆ ಆಯಿತು. ಆದರೆ ವ್ಯಾಪಾರಕ್ಕೋ, ಮಸೀದಿ ಮದ್ರಸದ ಸೇವೆಗೋ ಘಟ್ಟ ಹತ್ತಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ನೆಲೆ ನಿಂತವರಿಗೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಬೇರೆಯೇ ಆಗಿರುತ್ತದೆ. ರಾತ್ರಿಯಿಡೀ ತಾರಸಿ ಟ್ಯಾಂಕಿನಲ್ಲಿ ನಿಂತ ನೀರು ಕೈ ಕೊರೆಯುತ್ತದೆ. ಮಂಡಿನೋವಿನ ಹಿರಿಯರಿಗೆ ಜಮಾಅತ್ ತಪ್ಪಲು ಅಷ್ಟೇ ಸಾಕು.

ಕಷ್ಟದ ಹೊತ್ತಿನಲ್ಲೂ ವುಳೂವನ್ನು ಪೂರ್ಣವಾಗಿ ಮಾಡುವವರಿಗೆ ದೊಡ್ಡ ಪ್ರತಿಫಲ ಇದೆ ಎಂದು ಹದೀಸ್ ಕಲಿಸುತ್ತದೆ. ಹಾಗಂತ ಕಷ್ಟವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೈ ಸುಡುವಷ್ಟು ಬಿಸಿ ನೀರೂ ಮಕ್ರೂಹ್, ತಡೆಯಲಾರದಷ್ಟು ತಣ್ಣನೆಯ ನೀರೂ ಮಕ್ರೂಹ್ ಎಂದು ನಮ್ಮ ಶಾಫಿಈ ಕಿತಾಬುಗಳೇ ಹೇಳುತ್ತವೆ.

ಆ ಕಡೆಯ ಮನೆಗಳ ಹಿತ್ತಿಲಲ್ಲಿ ಇದಕ್ಕೆ ಹಳೆಯ ಉತ್ತರ ಸೌದೆ ಒಲೆಯ ಹಂಡೆ. ಅದರ ಮುಂದಿನ ರೂಪವೇ ಸೌದೆ ಬಾಯ್ಲರ್. ಉರ್ದು ಮಾತಾಡುವ ಮನೆಗಳಲ್ಲಿ ಇದನ್ನು ‘ಹಮಾಮ್’ ಎನ್ನುವವರೂ ಇದ್ದಾರೆ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಕೆಳಗೆ ಬೂದಿ ಬೀಳುವ ಜಾಗ, ಮೇಲೆ ಹೊಗೆ ಕೊಳವೆ. ತಣ್ಣೀರು ಕೆಳಗಿನಿಂದ ಒಳಗೆ ಬರುತ್ತದೆ, ಬಿಸಿಯಾದ ನೀರು ಮೇಲಿನಿಂದ ನಲ್ಲಿಗೆ ಹೋಗುತ್ತದೆ.

ಹಮಾಮ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಡಮಾಸ್ಕಸ್, ಇಸ್ತಾಂಬುಲ್‌ಗಳ ಹಳೆಯ ಹಮಾಮುಗಳಲ್ಲಿ ಸ್ನಾನದ ಕೋಣೆ ಬೇರೆ, ಕುಲುಮೆ ಬೇರೆ. ಬೀದರ್ ಕೋಟೆಯ ಶಾಹಿ ಹಮಾಮ್ ಆ ಪರಂಪರೆ ನಮ್ಮ ನಾಡಿಗೂ ಬಂದದ್ದಕ್ಕೆ ಸಾಕ್ಷಿ. ಕಾಶ್ಮೀರದ ಮಸೀದಿಗಳಲ್ಲಿ ಇವತ್ತಿಗೂ ಕಲ್ಲಿನ ನೆಲದ ಅಡಿಯಲ್ಲಿ ಸೌದೆ ಉರಿಸುತ್ತಾರೆ. ನೆಲವೂ ಬೆಚ್ಚಗಾಗುತ್ತದೆ, ವುಳೂವಿನ ನೀರೂ ಬಿಸಿಯಾಗುತ್ತದೆ. ಸೌದೆ ಹಾಕುವ ಬಾಯಿ ಮಾತ್ರ ಹೊರಗಡೆ. ಜನ ಇರುವ ಜಾಗದಲ್ಲಿ ಬೆಂಕಿ ಇರಬಾರದು ಎಂಬ ಬುದ್ಧಿ ಹಿರಿಯರಿಗೆ ಇತ್ತು.

ಆ ಬುದ್ಧಿ ಇವತ್ತು ಇನ್ನೂ ಹೆಚ್ಚು ಬೇಕು. ಮುಚ್ಚಿದ ಬಚ್ಚಲು ಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜೀವ ಹೋದ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಸೌದೆ, ಇದ್ದಿಲು, ಗ್ಯಾಸ್ ಯಾವುದೇ ಆಗಲಿ, ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತು ಬರುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಅದಕ್ಕೇ ಬಾಯ್ಲರ್ ಗೋಡೆಯ ಆಚೆ, ತೆರೆದ ಜಾಗದಲ್ಲಿ ಇರಲಿ. ಮೇಲೊಂದು ಶೀಟು ಸಾಕು. ಚಳಿಗೆ ಅಂತ ಕೆಂಡವನ್ನು ಮಕ್ಕಳು ಮಲಗುವ ಕೋಣೆಗೆ ತರುವುದಂತೂ ಬೇಡವೇ ಬೇಡ.

ಇನ್ನು ಸೌದೆಯ ಲೆಕ್ಕ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು, ಉರಿಯ ನೂರರಲ್ಲಿ ಹತ್ತು ಪಾಲು ಮಾತ್ರ ನೀರಿಗೆ ಸೇರುವ ಒಲೆಯಲ್ಲಿ ಆರು ಕೆಜಿಗೂ ಹೆಚ್ಚು ಒಣ ಸೌದೆ ಬೇಕು. ಮೂವತ್ತು ಪಾಲು ಸೇರುವ ಬಾಯ್ಲರಿನಲ್ಲಿ ಎರಡು ಕೆಜಿಯ ಸ್ವಲ್ಪ ಮೇಲೆ ಸಾಕು. ಆ ಸೀಮೆಯಲ್ಲಿ ಬಳ್ಳಾರಿ ಜಾಲಿ ಬೇಕಾದಷ್ಟಿದೆ, ಒಣಗಿಸಿ ಉರಿಸಬಹುದು. ನೆರಳು ಕೊಡುವ ಹೊಂಗೆ, ಹುಣಸೆಗೆ ಕೊಡಲಿ ಹಾಕಬೇಕಾಗಿಲ್ಲ. ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ ಒಲೆಗೆ ಬೇಡ, ಅದರ ಹೊಗೆ ವಿಷ.

ಬೋರ್‌ವೆಲ್‌ನ ಗಡಸು ನೀರು ಬಾಯ್ಲರ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಸೌದೆ ಹೆಚ್ಚು ಬೇಕು. ಆಗಾಗ ತೆಗೆಸಬೇಕು. ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ತೊಂದರೆಯೂ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ಹಾಗಾಗಿ ಬಾಯ್ಲರ್ ನೀರು ಮೈಗೆ, ಕುಡಿಯುವ ನೀರು ಬೇರೆ.

‘ಪಾವಗಡದಲ್ಲಿ ಅಷ್ಟು ಬಿಸಿಲಿರುವಾಗ ಸೌದೆ ಯಾಕೆ?’ ಎಂದು ಕೇಳಬಹುದು. ಅಲ್ಲಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ, 2018ರಲ್ಲಿ ಉದ್ಘಾಟನೆ ಆದದ್ದು. ಅನುಕೂಲ ಇದ್ದವರು ತಾರಸಿಗೆ ಸೋಲಾರ್ ಹಾಕಿಸಲಿ. ಆಗ ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಬಿಸಿಲಿಗೆ ಕಾದ ನೀರು, ಅಂದರೆ ‘ಮುಶಮ್ಮಸ್’, ಮಕ್ರೂಹ್ ಅಲ್ವಾ? ಬಿಸಿ ನಾಡಿನಲ್ಲಿ, ತಾಮ್ರ ಕಬ್ಬಿಣದಂಥ ಲೋಹದ ಪಾತ್ರೆಯಲ್ಲಿ ಬಿಸಿಲಿಗೆ ಕಾದ ನೀರನ್ನು ಬಿಸಿ ಇರುವಾಗಲೇ ಮೈಗೆ ಬಳಸುವ ಬಗ್ಗೆ ಆ ಮಾತು. ಆರಿದ ಮೇಲೆ ಕರಾಹತ್ ಇಲ್ಲ. ಇಮಾಮ್ ನವವಿಯವರು ಪುರಾವೆ ನೋಡಿ, ಕರಾಹತ್ತೇ ಇಲ್ಲ ಎಂಬ ಕಡೆಗೆ ಒಲಿದಿದ್ದಾರೆ. ಮಕ್ರೂಹ್ ಎಂದರೂ ವುಳೂ ಸಿಂಧುವೇ. ಬೆಂಕಿಯಲ್ಲಿ ಕಾಯಿಸಿದ ನೀರಿಗೆ ಈ ಚರ್ಚೆಯೇ ಇಲ್ಲ. ಗಾಜಿನ ಕೊಳವೆಯ ಸೋಲಾರ್ ಬಗ್ಗೆ ಸಂಶಯ ಇದ್ದರೆ ನಿಮ್ಮ ಮಹಲ್ಲಿನ ಖತೀಬರನ್ನು ಕೇಳಿ.

ನೀರು ಯಾವುದರಲ್ಲೇ ಕಾಯಲಿ, ಪೋಲಾದರೆ ಇಸ್‌ರಾಫ್. ನಬಿ (ಸ.ಅ.) ಅವರು ಒಂದು ಮುದ್ದ್ ನೀರಿನಲ್ಲಿ ವುಳೂ ಮಾಡುತ್ತಿದ್ದರು. ಮುದ್ದ್ ಅಂದರೆ ಎರಡು ಕೈ ಸೇರಿಸಿದ ಒಂದು ಬೊಗಸೆ, ಲೀಟರಿಗೂ ಕಡಿಮೆ. ನಾವು ನಲ್ಲಿ ಪೂರ್ತಿ ಬಿಟ್ಟು ಅದರ ಎಷ್ಟೋ ಪಟ್ಟು ಚರಂಡಿಗೆ ಕಳಿಸುತ್ತೇವೆ. ಬಿಸಿನೀರಾದರೆ ಅದರ ಜೊತೆ ಸೌದೆಯೂ ಚರಂಡಿಗೆ.

ಹೊಸದಾಗಿ ಬಾಯ್ಲರ್ ಇಡುವ ಕಮಿಟಿಯವರು ನಾಲ್ಕು ವಿಷಯ ನೋಡಿಕೊಳ್ಳಿ. ಆವಿ ಹೋಗುವ ಕೊಳವೆ ಯಾವತ್ತೂ ತೆರೆದಿರಲಿ, ಅದನ್ನು ಮುಚ್ಚಿದರೆ ಬಾಯ್ಲರ್ ಸಿಡಿಯಬಹುದು. ನೀರು ತುಂಬಿದ ಮೇಲಷ್ಟೇ ಬೆಂಕಿ ಹಚ್ಚಿ. ಬಿಸಿನೀರಿಗೆ ಸಾದಾ ಪಿವಿಸಿ ಬೇಡ, ಸಿಪಿವಿಸಿ ಪೈಪ್ ಹಾಕಿಸಿ. ನಲ್ಲಿಗೆ ತಣ್ಣೀರು ಬೆರೆಯುವ ವ್ಯವಸ್ಥೆ ಇರಲಿ. 60 ಡಿಗ್ರಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ.

ಚಳಿಗಾಲಕ್ಕೆ ಮುಂಚೆ ಒಂದು ಶುಕ್ರವಾರ ಜುಮಾ ಆದ ಮೇಲೆ ಇಷ್ಟನ್ನು ಮಾತಾಡಿಕೊಂಡರೆ, ಸುಬ್‌ಹಿ ಜಮಾಅತ್‌ನ ಮೊದಲ ಸಫ್‌ನಲ್ಲಿ ಹಿರಿಯರು ಚಳಿಗಾಲದಲ್ಲೂ ಇರುತ್ತಾರೆ, ಇನ್ ಶಾ ಅಲ್ಲಾಹ್.