ಕಾಲಿಡದೆ ಕೂಗುವ ಕಾರು: ತಪ್ಪು ಸೆನ್ಸಾರಿನದೋ, ರಬ್ಬರಿನದೋ?

ಸಿಗ್ನಲ್‌ನಲ್ಲಿ ಮಾರುತಿ 800 ನಿಂತಿದೆ. ಆಕ್ಸಿಲೇಟರ್ ಮೇಲೆ ಕಾಲಿಲ್ಲ. ಆದರೂ ಎಂಜಿನ್ ‘ವ್ರೂಂ’ ಎಂದು ಏರುತ್ತೆ, ‘ಪುಸ್’ ಎಂದು ಇಳಿಯುತ್ತೆ. ಪಕ್ಕದ ಬಸ್ಸಿನ ಕಿಟಕಿಯಿಂದ ನಾಲ್ಕು ತಲೆ ಹೊರಗೆ!

1983ರಲ್ಲಿ ಬಂದ ಈ 796 ಸಿ.ಸಿ. ಪುಟ್ಟ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಓಡಾಟ ಇನ್ನೂ ನಿಂತಿಲ್ಲ. ಕಾರ್ಬುರೇಟರ್ ಕಾಲದಲ್ಲಿ ಕಿವಿಗೊಟ್ಟು ಸ್ಕ್ರೂ ತಿರುಗಿಸಿದರೆ ರೇಸು ಸರಿಹೋಗುತ್ತಿತ್ತು. ಆಮೇಲೆ ಬಂದ ಎಂ.ಪಿ.ಎಫ್.ಐ. ಗಾಡಿಯಲ್ಲಿ ಪೆಟ್ರೋಲ್ ಅಳೆದು ಕೊಡುವುದು ಕಂಪ್ಯೂಟರ್ ಡಬ್ಬಿ. ಅದಕ್ಕೆ ಕಣ್ಣು-ಕಿವಿ ಅಂದ್ರೆ ಸೆನ್ಸಾರುಗಳು.

ಇಲ್ಲೇ ಯಡವಟ್ಟು. ಎಂಜಿನ್ ದೀಪ ಹತ್ತಿದ್ದೇ ತಡ, ‘ಸೆನ್ಸಾರ್ ಹೋಗಿದೆ ಸಾರ್, ಹೊಸದು ಹಾಕಣ’ ಅನ್ನುವ ಗ್ಯಾರೇಜುಗಳುಂಟು. ಹಾಕಿದ್ದಾಯ್ತು, ಬಿಲ್ಲು ಕಟ್ಟಿದ್ದಾಯ್ತು. ಕಾರು ಮತ್ತೆ ‘ವ್ರೂಂ’!

ಬಲ್ಲ ಮೆಕ್ಯಾನಿಕ್ ಮೊದಲು ಹುಡುಕುವುದು ಗಾಳಿ ಸೋರಿಕೆಯನ್ನು. ಎಂಜಿನ್ ಬಿಸಿಗೆ ಬಿರುಕು ಬಿಟ್ಟ ರಬ್ಬರ್ ಕೊಳವೆಯ ಕಳ್ಳದಾರಿಯಲ್ಲಿ ಗಾಳಿ ನುಗ್ಗಿದರೆ ರೇಸು ತಾನೇ ಏರಿಳಿಯುತ್ತೆ. ಕೊಳವೆ ಬದಲಿಸಿದರೆ ತೀರಿತು. ಆಮೇಲೆ ಥ್ರಾಟಲ್ ಬಾಡಿ, ಐಡ್ಲಿಂಗ್ ವಾಲ್ವ್‌ಗಳಿಗೆ ಮೆತ್ತಿದ ಕರಿ.

ಅದೂ ಅಲ್ಲವೆಂದರೆ ಕೂಲೆಂಟ್ ಬಿಸಿ ಅಳೆಯುವ ಸೆನ್ಸಾರ್. ಅದು ಸುಳ್ಳು ಹೇಳಿದರೆ ಕಾದ ಎಂಜಿನ್ನನ್ನೂ ತಣ್ಣಗಿದೆ ಎಂದು ನಂಬಿ ಡಬ್ಬಿ ಹೆಚ್ಚು ಪೆಟ್ರೋಲ್ ಸುರಿಯುತ್ತೆ, ಮೈಲೇಜು ಢಮಾರ್. ಮಲ್ಟಿಮೀಟರ್ ಹಚ್ಚಿ ನೋಡಿದರೆ, ಎಂಜಿನ್ ಕಾದಂತೆ ಅದರ ಓಮ್ ಇಳಿಯಬೇಕು. ಇಳಿದರೆ ಸೆನ್ಸಾರಿಗೆ ಜೀವವಿದೆ, ತಂತಿ ನೋಡಬೇಕು.

ಸ್ಕ್ಯಾನರ್ ತೋರಿಸುವ ಕೋಡು ದೂರು ಬಂದ ಬೀದಿಯನ್ನಷ್ಟೇ ಹೇಳುತ್ತೆ, ಕಳ್ಳನ ಮನೆಯನ್ನಲ್ಲ. ಪ್ಲಗ್ಗಿನ ಪಿನ್ನು ತುಕ್ಕು ಹಿಡಿದಿದ್ದರೂ ಅದೇ ಕೋಡು. ಬಿಲ್ಲು ಕಟ್ಟುವ ಮುಂಚೆ ‘ಓಮ್ ಎಷ್ಟು ಬಂತಪ್ಪಾ?’ ಎಂದು ಕೇಳುವುದಕ್ಕೆ ದುಡ್ಡೇನೂ ಬೀಳಲ್ಲ.